ವಯಸ್ಕರ ಪದವಿ: ಸಾಲವೆಷ್ಟು, ಸಂಪಾದನೆಯೆಷ್ಟು?

ಮನುಷ್ಯನಿಗೆ ಹುಟ್ಟಿನಿಂದಲೇ ಮೂರು ಋಣಗಳು ಅಂಟಿಕೊಂಡಿರುತ್ತವೆಂದು ನಮ್ಮ ಹಿರಿಯರು ಹೇಳಿದರು. ದೇವಋಣ, ಪಿತೃಋಣ, ಋಷಿಋಣ ಎಂಬುವೇ ಆ ಮೂರು. ಮೊದಲನೆಯದು ಯಜ್ಞದಿಂದ, ಎರಡನೆಯದು ಸಂತಾನದಿಂದ, ಮೂರನೆಯದು ಅಧ್ಯಯನದಿಂದ ತೀರುತ್ತದೆಂಬುದು ಅವರ ಮತ. ಅಂದರೆ ಓದು ಎಂಬುದೇ ಒಂದು ಋಣವನ್ನು ತೀರಿಸುವ ಉಪಾಯವಾಗಿತ್ತು. ಇಂದಿನ ವಿಚಿತ್ರವೆಂದರೆ, ಓದಿನಿಂದ ಋಣ ತೀರುವುದಿರಲಿ, ಓದುವುದಕ್ಕಾಗಿಯೇ ಋಣ ಮಾಡಬೇಕಾಗಿ ಬಂದಿದೆ. ಹದಿನೆಂಟರ ಹುಡುಗ ಮಾಡುವ ಇಂಥ ಸಾಲದ ವಿಚಾರವನ್ನು ಎಲ್ಲರೂ ಮಾತನಾಡುತ್ತಾರೆ. ಮೂವತ್ತು, ನಲವತ್ತು ದಾಟಿದ ಮೇಲೆ, ಸಂಸಾರದ ನೊಗವನ್ನು ಹೆಗಲ ಮೇಲೆ ಹೊತ್ತುಕೊಂಡೇ ಪುಸ್ತಕ ಹಿಡಿಯುವವರು ಮಾಡುವ ಸಾಲದ ವಿಚಾರವನ್ನು ಕೇಳುವವರು ಕಡಿಮೆ. ಅವರ ವಿಷಯವಾಗಿಯೇ ಈ ಹೊತ್ತು ನಾಲ್ಕು ಮಾತು.

ಹಿರಿಯೂರಿನಿಂದ ಶಿರಾ ಕಡೆಗೆ ಹೋಗುವ ಹೆದ್ದಾರಿಯ ಮೇಲೆ ನಮ್ಮ ಜವನಗೊಂಡನಹಳ್ಳಿ ಇದೆ. ಹಿರಿಯೂರು ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಹೈಸ್ಕೂಲು ಮೇಷ್ಟರೆಂಬ ಕಾರಣಕ್ಕೆ ಅರ್ಜಿ ತುಂಬಿಸಿಕೊಳ್ಳಲು ನನ್ನ ಬಳಿ ಬರುವವರಲ್ಲಿ ಮಕ್ಕಳಿಗಿಂತ ಮಕ್ಕಳ ತಂದೆತಾಯಿಗಳೇ ಕೆಲವು ವರ್ಷ ಹೆಚ್ಚಾಗಿರುತ್ತಾರೆ. ಅಂಗನವಾಡಿಯಲ್ಲಿ ಕೆಲಸ ಮಾಡುವ ತಾಯಂದಿರು, ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ ಲೆಕ್ಕ ಬರೆಯುವವರು, ಪಿಯುಸಿ ಮುಗಿಸಿ ಮದುವೆಯಾಗಿ ಓದು ನಿಲ್ಲಿಸಿದ ಹೆಣ್ಣುಮಕ್ಕಳು, ಕಚೇರಿಯ ಸಣ್ಣ ನೌಕರಿಯಲ್ಲಿರುವವರು. ಇವರೆಲ್ಲರೂ ಕೇಳುವ ಪ್ರಶ್ನೆ ಒಂದೇ: “ಸ್ವಾಮಿ, ಈ ವಯಸ್ಸಿನಲ್ಲಿ ಡಿಗ್ರಿ ಮಾಡಿದರೆ ಪ್ರಯೋಜನ ಉಂಟೇ? ದುಡ್ಡಿಗೆ ಒಡವೆ ಅಡವಿಡಬೇಕು.” ಇದಕ್ಕೆ “ಓದಿಗೆ ವಯಸ್ಸಿಲ್ಲ” ಎಂದು ಉಪದೇಶದ ಮಾತು ಹೇಳಿ ಕಳುಹಿಸುವುದು ಸುಲಭ. ಆದರೆ ಅಡವಿಗೆ ಹೋಗುವ ಒಡವೆ ಅವರದು, ಉಪದೇಶಕನದಲ್ಲ. ಆದ್ದರಿಂದ ಲೆಕ್ಕ ಹಾಕಿಯೇ ಉತ್ತರ ಹೇಳಬೇಕು.

ಲೆಕ್ಕಕ್ಕೆ ಮೊದಲು ಈ ಓದಿನ ಹಿನ್ನೆಲೆಯನ್ನು ಸ್ವಲ್ಪ ನೋಡೋಣ. ದುಡಿಯುತ್ತಲೇ ಓದುವ ಪದ್ಧತಿ ನಮ್ಮಲ್ಲಿ ಹೊಸದಲ್ಲ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಪ್ರವೇಶ, ಕಾವ, ಜಾಣ, ರತ್ನ ಎಂಬ ಪರೀಕ್ಷೆಗಳನ್ನು ನಡೆಸಿಕೊಂಡು ಬಂದಿತು. ಕಾಲೇಜಿನ ಮೆಟ್ಟಿಲು ಹತ್ತದವರೂ ಮನೆಯಲ್ಲಿ ಓದಿ ಆ ಪರೀಕ್ಷೆಗಳಿಗೆ ಕೂತರು. ಅವರಲ್ಲಿ ಎಷ್ಟೋ ಮಂದಿ ಕನ್ನಡ ಪಂಡಿತರಾಗಿ ಶಾಲೆಗಳನ್ನು ಸೇರಿದರು. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅಂಚೆಯ ಮೂಲಕ ಪಾಠ ಕಳುಹಿಸುವ ಸಂಸ್ಥೆಯನ್ನು ತೆರೆಯಿತು. ಅದೇ 1969ರಲ್ಲಿ ಇಂಗ್ಲೆಂಡಿನಲ್ಲಿ ‘ಓಪನ್ ಯೂನಿವರ್ಸಿಟಿ’ಗೆ ರಾಜಶಾಸನ ದೊರೆಯಿತು; 1971ರಿಂದ ಅದು ರೇಡಿಯೋ ಮತ್ತು ಟೆಲಿವಿಷನ್ನಿನ ಮೂಲಕ ಕಾರ್ಖಾನೆಯ ಕೆಲಸಗಾರರಿಗೂ ಗೃಹಿಣಿಯರಿಗೂ ಪದವಿಯ ಪಾಠ ಹೇಳತೊಡಗಿತು. ಭಾರತದಲ್ಲಿ ಮೊದಲ ಮುಕ್ತ ವಿಶ್ವವಿದ್ಯಾನಿಲಯ ಹೈದರಾಬಾದಿನಲ್ಲಿ 1982ರಲ್ಲಿ ಬಂದಿತು. ಇಂದಿರಾ ಗಾಂಧಿಯವರ ಹೆಸರಿನ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ 1985ರಲ್ಲಿ ಬಂದಿತು. ನಮ್ಮ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು 1992ರ ಕಾಯ್ದೆಯ ಪ್ರಕಾರ 1996ರ ಜೂನ್ 1ರಂದು ಆರಂಭವಾಯಿತು. ಮೈಸೂರಿನ ಮಾನಸಗಂಗೋತ್ರಿಯ ಪಕ್ಕದಲ್ಲಿಯೇ ಮುಕ್ತಗಂಗೋತ್ರಿ. ಹಿಂದಿನ ಅಂಚೆ ತೆರಪಿನ ಸಂಸ್ಥೆಯೇ ಬೆಳೆದು ಈ ವಿಶ್ವವಿದ್ಯಾನಿಲಯವಾಯಿತು.

ಈ ಎಲ್ಲ ಸಂಸ್ಥೆಗಳ ಹಿಂದೆ ಇದ್ದ ಆಶಯ ಒಂದೇ. ಕೆಲಸ ಬಿಡದೆ, ಊರು ಬಿಡದೆ, ಕಡಿಮೆ ಹಣದಲ್ಲಿ ಓದಬೇಕು. ಕಡಿಮೆ ಹಣ ಎಂಬುದು ನಿಜವೇ. ಬಿ.ಎ., ಬಿ.ಕಾಂ. ಪದವಿಗಳ ಶುಲ್ಕ ವರ್ಷಕ್ಕೆ ಕೆಲವು ಸಾವಿರ ರೂಪಾಯಿಗಳಲ್ಲಿ ಮುಗಿಯುತ್ತದೆ. ಬಿ.ಇಡಿ., ಎಂ.ಬಿ.ಎ. ಮುಂತಾದವು ಮಾತ್ರ ಅದಕ್ಕಿಂತ ಬಹಳ ಹೆಚ್ಚು. ಆದರೆ ಶುಲ್ಕವೊಂದೇ ಖರ್ಚಲ್ಲ. ಸಂಪರ್ಕ ತರಗತಿಗೆ ಹೋಗುವ ಬಸ್ ಚಾರ್ಜು, ಪರೀಕ್ಷೆಯ ದಿನಗಳಲ್ಲಿ ಪಟ್ಟಣದಲ್ಲಿ ಉಳಿದುಕೊಳ್ಳುವ ಖರ್ಚು, ಆ ದಿನಗಳಲ್ಲಿ ತಪ್ಪಿದ ಕೂಲಿ, ಮರುಪರೀಕ್ಷೆಯ ಶುಲ್ಕ, ಇವೆಲ್ಲವನ್ನೂ ಕೂಡಿಸಬೇಕು. ದಿನಗೂಲಿಯವನಿಗೆ ಪರೀಕ್ಷೆಯ ಹತ್ತು ದಿನವೆಂದರೆ ಹತ್ತು ದಿನದ ಕೂಲಿ ಹೋಯಿತೆಂದೇ ಅರ್ಥ. ಅರ್ಜಿಯ ಪುಸ್ತಕದಲ್ಲಿ ಈ ಬಾಬತ್ತು ಅಚ್ಚಾಗಿರುವುದಿಲ್ಲ.

ಈ ಹಣ ಎಲ್ಲಿಂದ ಬರುತ್ತದೆ? “ಶಿಕ್ಷಣ ಸಾಲ” ಎಂದೊಡನೆ ನಮ್ಮ ಮನಸ್ಸಿಗೆ ಬ್ಯಾಂಕು ಬರುತ್ತದೆ. 2001ರಲ್ಲಿ ರೂಪುಗೊಂಡ ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆ ಮುಖ್ಯವಾಗಿ ಹಗಲು ಕಾಲೇಜಿನ ಯುವಕ ಯುವತಿಯರನ್ನು ಕಣ್ಣ ಮುಂದಿಟ್ಟುಕೊಂಡದ್ದು. 4 ಲಕ್ಷ ರೂಪಾಯಿಯವರೆಗೆ ಆಸ್ತಿಯ ಆಧಾರ ಬೇಡ. ತಂದೆತಾಯಿ ಜೊತೆಗೆ ಸಹಿ ಹಾಕುತ್ತಾರೆ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ, ಬಡ್ಡಿ ಮಾತ್ರ ಬೆಳೆಯುತ್ತಿರುತ್ತದೆ. ನಲವತ್ತರ ಹೆಂಗಸಿಗೆ ಸಹಿ ಹಾಕಲು ಯಾವ ತಂದೆ ಬರಬೇಕು? ಮೂವತ್ತು ನಲವತ್ತು ಸಾವಿರ ರೂಪಾಯಿಯ ಸಣ್ಣ ಸಾಲಕ್ಕೆ ಅಷ್ಟೊಂದು ಕಾಗದಪತ್ರ ಹೊತ್ತು ತಿರುಗುವ ಬಿಡುವು ಯಾರಿಗಿದೆ? ಹೀಗಾಗಿ ನಮ್ಮ ಕಡೆ ವಯಸ್ಕರ ಓದಿನ ಸಾಲ ಬ್ಯಾಂಕಿನ ಶಿಕ್ಷಣ ಸಾಲದ ಪುಸ್ತಕದಲ್ಲಿ ಕಾಣುವುದು ಅಪರೂಪ. ಅದು ಒಡವೆಯ ಸಾಲವಾಗಿ, ಸ್ತ್ರೀಶಕ್ತಿ ಸಂಘದ ಸಾಲವಾಗಿ, ವಾರದ ಕಂತಿನ ಸಾಲವಾಗಿ, ಪರಿಚಿತರ ಕೈಸಾಲವಾಗಿ ವೇಷ ಮರೆಸಿಕೊಂಡಿರುತ್ತದೆ. ಸಂಘದ ಪುಸ್ತಕದಲ್ಲಿ “ಹಸು ಕೊಳ್ಳಲು” ಎಂದು ಬರೆದಿರುತ್ತದೆ. ಹಣ ಪರೀಕ್ಷೆಯ ಶುಲ್ಕಕ್ಕೆ ಹೋಗಿರುತ್ತದೆ. ವೇಷ ಮರೆಸಿಕೊಂಡ ಸಾಲಕ್ಕೆ ಓದು ಮುಗಿಯುವವರೆಗೆ ಕಾಯುವ ಸೌಜನ್ಯವಿರುವುದಿಲ್ಲ. ಮುಂದಿನ ವಾರವೇ ಕಂತು ಕೇಳುತ್ತದೆ. ಕಿರುಸಾಲದ ವಸೂಲಿಯಲ್ಲಿ ಕಿರುಕುಳ ಎಷ್ಟು ಬೆಳೆದಿತ್ತೆಂದರೆ, 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು.

ಈಗ ಲೆಕ್ಕಕ್ಕೆ ಬರೋಣ. ಉದಾಹರಣೆಗೆ ಮಾತ್ರ ಅಂಕಿಗಳನ್ನು ಹಿಡಿಯುತ್ತೇನೆ. ನಿಮ್ಮ ಮನೆಯ ಅಂಕಿಗಳನ್ನು ನೀವು ಹಾಕಿಕೊಳ್ಳಿ. ಮೂರು ವರ್ಷದ ಬಿ.ಎ. ಪದವಿಗೆ ಎಲ್ಲ ಬಾಬತ್ತು ಸೇರಿ 45,000 ರೂಪಾಯಿ ಆಗುತ್ತದೆಂದು ಇಟ್ಟುಕೊಳ್ಳಿ. ಒಬ್ಬಾಕೆ ಈ ಹಣವನ್ನು ತಿಂಗಳಿಗೆ 1,250 ರೂಪಾಯಿಯಂತೆ 36 ತಿಂಗಳು ತನ್ನ ದುಡಿಮೆಯಲ್ಲಿಯೇ ಉಳಿಸಿ ಆಗಾಗ ಕಟ್ಟುತ್ತಾಳೆ. ಆಕೆಗೆ ಬೀಳುವ ಬಡ್ಡಿ ಸೊನ್ನೆ. ಎರಡನೆಯವಳು ಒಡವೆಯ ಮೇಲೆ ವರ್ಷಕ್ಕೆ ನೂರಕ್ಕೆ 11ರ ದರದಲ್ಲಿ, ಪ್ರತಿ ವರ್ಷದ ಆರಂಭಕ್ಕೆ ಬೇಕಾದ 15,000 ಮಾತ್ರ ತೆಗೆಯುತ್ತಾಳೆ. ಮೊದಲ ವರ್ಷ 1,650, ಎರಡನೆಯ ವರ್ಷ 3,300, ಮೂರನೆಯ ವರ್ಷ 4,950, ಒಟ್ಟು 9,900 ರೂಪಾಯಿ ಬಡ್ಡಿ. ಮೂರನೆಯವಳು ಮೊದಲ ದಿನವೇ 45,000ವನ್ನೂ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಕೈಸಾಲ ತರುತ್ತಾಳೆ. ತಿಂಗಳಿಗೆ 1,350 ರೂಪಾಯಿ ಬಡ್ಡಿ. ಮೂರು ವರ್ಷಕ್ಕೆ 48,600. ಪದವಿ ಕೈಗೆ ಬರುವ ಹೊತ್ತಿಗೆ ಬಡ್ಡಿಯೇ ಅಸಲನ್ನು ಮೀರಿದೆ, ಅಸಲು ಹಾಗೆಯೇ ಕೂತಿದೆ. ಮೂವರೂ ಓದಿದ್ದು ಅದೇ ಪುಸ್ತಕ, ಬರೆದದ್ದು ಅದೇ ಪರೀಕ್ಷೆ, ಪಡೆದದ್ದು ಅದೇ ಪದವಿ. ಆದರೆ ಒಬ್ಬಳಿಗೆ ಪದವಿಯ ಬೆಲೆ 45,000, ಇನ್ನೊಬ್ಬಳಿಗೆ 54,900, ಮತ್ತೊಬ್ಬಳಿಗೆ 93,600. ಇದರಲ್ಲಿ ಇನ್ನೊಂದು ಸೂಕ್ಷ್ಮವನ್ನೂ ಗಮನಿಸಿ. ಮೂರನೆಯವಳು ತಿಂಗಳು ತಿಂಗಳು ಬಡ್ಡಿಗೆಂದೇ ಕೊಡುವ ಹಣ, ಮೊದಲನೆಯವಳು ಓದಿಗೆಂದು ಎತ್ತಿಡುವ ಹಣಕ್ಕಿಂತ ನೂರು ರೂಪಾಯಿ ಹೆಚ್ಚು!

ಇದು ಖರ್ಚಿನ ಕಡೆಯ ಮಾತಾಯಿತು. ಇನ್ನು ಸಂಪಾದನೆ. ಇಲ್ಲಿ ಜನ ಸಾಮಾನ್ಯವಾಗಿ ಒಂದು ತಪ್ಪು ಲೆಕ್ಕ ಹಾಕುತ್ತಾರೆ. “ಡಿಗ್ರಿಯಾದರೆ ಇಪ್ಪತ್ತು ಸಾವಿರ ಸಂಬಳ ಬರುತ್ತದೆ” ಎಂದು ಇಡೀ ಸಂಬಳವನ್ನು ಪದವಿಯ ಫಲವೆಂದು ಎಣಿಸುತ್ತಾರೆ. ಹದಿನೆಂಟರ ಹುಡುಗನಿಗೆ ಅದು ಹೊಂದೀತು. ಅವನ ಹಿಂದಿನ ಸಂಪಾದನೆ ಏನೂ ಇರಲಿಲ್ಲ. ಈಗಾಗಲೇ ಹದಿನಾರು ಸಾವಿರ ದುಡಿಯುತ್ತಿರುವವನಿಗೆ ಪದವಿ ತಂದದ್ದು ಇಪ್ಪತ್ತು ಸಾವಿರವಲ್ಲ, ನಾಲ್ಕು ಸಾವಿರ. ಸಾಲವನ್ನು ತೂಗಬೇಕಾದದ್ದು ಈ ನಾಲ್ಕು ಸಾವಿರದ ಎದುರಿಗೆ. ತಿಂಗಳಿಗೆ ನಾಲ್ಕು ಸಾವಿರ ಹೆಚ್ಚಾದರೆ 45,000 ಹನ್ನೆರಡು ತಿಂಗಳೊಳಗೆ ಹಿಂದಕ್ಕೆ ಬಂತು, ಬಹಳ ಒಳ್ಳೆಯದು. ಐನೂರು ಹೆಚ್ಚಾದರೆ ಏಳೂವರೆ ವರ್ಷ ಬೇಕು. ಏನೂ ಹೆಚ್ಚದಿದ್ದರೆ ಹಿಂದಕ್ಕೆ ಬರುವ ಮಾತೇ ಇಲ್ಲ.

ಇದರ ಜೊತೆಗೆ ವಯಸ್ಸನ್ನೂ ಕೂಡಿಸಬೇಕು. ರಾಜ್ಯ ಸರ್ಕಾರಿ ನೌಕರನ ನಿವೃತ್ತಿ 60ಕ್ಕೆ. ಮೂವತ್ತನಾಲ್ಕರಲ್ಲಿ ಸೇರಿ ಮೂವತ್ತೇಳಕ್ಕೆ ಪದವಿ ಪಡೆದವನಿಗೆ ಅದರ ಫಲ ಉಣ್ಣಲು 23 ವರ್ಷ ಮುಂದಿದೆ. ಐವತ್ತೆರಡರಲ್ಲಿ ಸೇರಿದವನಿಗೆ ಉಳಿಯುವುದು 5 ವರ್ಷ. ಐವತ್ತೆರಡರಲ್ಲಿ ಓದಬಾರದೆಂದು ನನ್ನ ಮಾತಿನ ಅರ್ಥವಲ್ಲ. ಐವತ್ತೆರಡರಲ್ಲಿ ಸಾಲ ಮಾಡಿ ಓದಬಾರದು.

ನಮ್ಮ ಸೀಮೆಯವರಿಗೆ ಇದು ಅರ್ಥವಾಗಲು ಕೊಳವೆ ಬಾವಿಯ ದೃಷ್ಟಾಂತ ಸಾಕು. ಚಿತ್ರದುರ್ಗ ಜಿಲ್ಲೆಯ ರೈತ ಕೊಳವೆ ಬಾವಿಗೆ ಸಾಲ ಮಾಡುವುದನ್ನು ಕಂಡಿದ್ದೇವೆ. ನೀರು ಬಿದ್ದರೆ ದಾಳಿಂಬೆ, ಅಡಿಕೆ. ಬೀಳದಿದ್ದರೆ ಸಾಲ ಮಾತ್ರ. ಬಲ್ಲ ರೈತನು ಕೊರೆಸುವ ಮುನ್ನ ಸುತ್ತಲಿನ ಬಾವಿಗಳನ್ನು ನೋಡುತ್ತಾನೆ. ಪಕ್ಕದ ಹೊಲದಲ್ಲಿ ಎಷ್ಟು ಅಡಿಗೆ ನೀರು ಬಂತು, ಎಷ್ಟು ವರ್ಷ ನಿಂತಿತು ಎಂದು ವಿಚಾರಿಸುತ್ತಾನೆ. ಪದವಿಗೆ ಸಾಲ ಮಾಡುವವನೂ ಹಾಗೆಯೇ ಸುತ್ತ ನೋಡಬೇಕು. ಅದೇ ಪದವಿಯನ್ನು, ಅದೇ ರೀತಿಯಲ್ಲಿ, ಅದೇ ವಯಸ್ಸಿನಲ್ಲಿ ಪಡೆದವರು ಊರಿನಲ್ಲಿ, ತಾಲ್ಲೂಕಿನಲ್ಲಿ ಯಾರಿದ್ದಾರೆ? ಅವರ ಸಂಬಳ ಏನಾಯಿತು? ಈ ವಿಚಾರಣೆಗೆ ಒಂದು ರೂಪಾಯಿ ಖರ್ಚಿಲ್ಲ.

ಪದವಿ ಯಾವಾಗ ನೀರು ಕೊಡುವ ಬಾವಿಯಾಗುತ್ತದೆ? ಎಲ್ಲಿ ಪದವಿಯು ಬೀಗದ ಕೈಯಾಗಿದೆಯೋ ಅಲ್ಲಿ. ರಾಜ್ಯ ಸರ್ಕಾರದ ದ್ವಿತೀಯ ದರ್ಜೆ ಸಹಾಯಕ ಹುದ್ದೆಗೆ ಪಿಯುಸಿ ಸಾಕು, ಪ್ರಥಮ ದರ್ಜೆ ಸಹಾಯಕ ಹುದ್ದೆಗೆ ಪದವಿ ಬೇಕು. ಅಂಗನವಾಡಿ ಮೇಲ್ವಿಚಾರಕಿಯಾಗಲು ಪದವಿ ಬೇಕು. ಹೈಸ್ಕೂಲಿನಲ್ಲಿ ಪಾಠ ಹೇಳಲು ಪದವಿಯ ಮೇಲೆ ಬಿ.ಇಡಿ. ಬೇಕು. ಇಂಥ ಕಡೆ ಬೀಗ ಕಣ್ಣಿಗೆ ಕಾಣುತ್ತದೆ, ಕೀಲಿಕೈಯ ಬೆಲೆಯೂ ಗೊತ್ತಿರುತ್ತದೆ. ಆದರೆ ಬೀಗ ತೆರೆದ ಮಾತ್ರಕ್ಕೆ ಒಳಗೆ ಕುರ್ಚಿ ಖಾಲಿ ಇರುತ್ತದೆಂದು ಅಲ್ಲ; ಸ್ಪರ್ಧಾ ಪರೀಕ್ಷೆ ಇದೆ, ವಯೋಮಿತಿ ಇದೆ, ಬಡ್ತಿಯ ಸರದಿ ಇದೆ. ಆ ಮೂರನ್ನೂ ಅರ್ಜಿ ಹಾಕುವ ಮೊದಲೇ ತಿಳಿದುಕೊಳ್ಳಬೇಕು. ಇನ್ನು ಅಂಗಡಿ ಲೆಕ್ಕ, ವಾಹನ ಚಾಲನೆ, ಹೊಲಿಗೆ, ಮಂಡಿ ವ್ಯಾಪಾರ ಮುಂತಾದ ಕಡೆ ಯಜಮಾನನು ಕೆಲಸ ನೋಡಿ ಸಂಬಳ ಕೊಡುತ್ತಾನೆಯೇ ಹೊರತು ಪದವಿ ಪತ್ರ ನೋಡಿ ಅಲ್ಲ. ಅಲ್ಲಿ ಪದವಿಗೆಂದು ಮಾಡಿದ ಸಾಲವನ್ನು ಪದವಿ ತೀರಿಸದು. ನಿರುದ್ಯೋಗದ ಪ್ರಮಾಣ ಓದದವರಿಗಿಂತ ಪದವೀಧರರಲ್ಲಿಯೇ ಹೆಚ್ಚೆಂದು ಕೇಂದ್ರ ಸರ್ಕಾರದ ದುಡಿಮೆಗಾರರ ಸಮೀಕ್ಷೆಗಳು ವರ್ಷವರ್ಷವೂ ತೋರಿಸುತ್ತಿವೆ. ಓದು ಕೆಟ್ಟದ್ದೆಂದು ಇದರ ಅರ್ಥವಲ್ಲ. ತಕ್ಕ ಕೆಲಸಕ್ಕಾಗಿ ಕಾಯುವ ಶಕ್ತಿ ಓದಿದವನಿಗೆ ಸ್ವಲ್ಪ ಇರುತ್ತದೆ, ಬಡವನಿಗೆ ಆ ಕಾಯುವ ಶಕ್ತಿ ಇಲ್ಲ. ಸಾಲ ಹೊತ್ತ ಪದವೀಧರನಿಗೂ ಆ ಶಕ್ತಿ ಇಲ್ಲ; ಕಂತಿನ ದಿನ ಬಂದಾಗ ಸಿಕ್ಕಿದ ಕೆಲಸಕ್ಕೆ ಕೈಯೊಡ್ಡುತ್ತಾನೆ.

ಮುಂದಿನ ಮಾತು ಮಾನ್ಯತೆಯದು. ಇದರ ಪಾಠವನ್ನು ಕರ್ನಾಟಕದ ಜನ ಬಹಳ ಬೆಲೆ ತೆತ್ತು ಕಲಿತಿದ್ದಾರೆ. 2015ರ ಜೂನಿನಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಸಾರ್ವಜನಿಕ ಪ್ರಕಟಣೆ ಹೊರಡಿಸಿ, ನಮ್ಮ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ 2012-13ರ ಸಾಲಿನ ನಂತರ ಮಾನ್ಯತೆ ಇಲ್ಲವೆಂದು ಸಾರಿತು. ರಾಜ್ಯದ ಗಡಿಯಾಚೆ ಖಾಸಗಿ ಸಂಸ್ಥೆಗಳ ಮೂಲಕ ಕೋರ್ಸುಗಳನ್ನು ನಡೆಸಿದ್ದು ಆಕ್ಷೇಪಣೆಗಳಲ್ಲಿ ಮುಖ್ಯವಾದದ್ದು. 2018ರ ಆಗಸ್ಟಿನಲ್ಲಿ ಮಾನ್ಯತೆ ಮರಳಿ ದೊರೆತು, 2018-19ರ ಸಾಲಿನಿಂದ ಓದು ಮತ್ತೆ ಸಾಗಿತು. ಆದರೆ ನಡುವಿನ ವರ್ಷಗಳಲ್ಲಿ ಸೇರಿದ್ದವರ ಗತಿ? ಶುಲ್ಕ ಕಟ್ಟಿದ್ದರು, ರಾತ್ರಿ ನಿದ್ದೆಗೆಟ್ಟು ಓದಿದ್ದರು. ಅವರ ಪದವಿ ನೌಕರಿಗೆ ನಡೆದೀತೇ ಎಂಬ ಪ್ರಶ್ನೆ ವರ್ಷಗಟ್ಟಲೆ ತೂಗುಯ್ಯಾಲೆಯಲ್ಲಿತ್ತು. ಪದವಿಯ ಮಾನ್ಯತೆ ನಿಂತರೂ ಸಾಲದ ಬಡ್ಡಿ ಒಂದು ದಿನವೂ ನಿಲ್ಲುವುದಿಲ್ಲ ಎಂಬುದನ್ನು ಮರೆಯಬಾರದು. ಮಾನ್ಯತೆಯುಳ್ಳ ಮುಕ್ತ ಮತ್ತು ದೂರಶಿಕ್ಷಣದ ಪದವಿ ಹಗಲು ಕಾಲೇಜಿನ ಪದವಿಗೆ ಸಮ ಎಂದು ಆಯೋಗ 2020ರ ನಿಯಮಗಳಲ್ಲಿ ಹೇಳಿದೆ. 2022ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ. ಇದು ಓದುವವರಿಗೆ ದೊಡ್ಡ ಧೈರ್ಯ. ಆದರೆ ಆ ಸಮಾನತೆ “ಮಾನ್ಯತೆಯುಳ್ಳ” ಎಂಬ ಒಂದು ಪದದ ಮೇಲೆ ನಿಂತಿದೆ. ಯಾವ ವಿಶ್ವವಿದ್ಯಾನಿಲಯಕ್ಕೆ, ಯಾವ ಕೋರ್ಸಿಗೆ, ಯಾವ ವರ್ಷಕ್ಕೆ ಮಾನ್ಯತೆ ಇದೆ ಎಂಬ ಪಟ್ಟಿಯನ್ನು ಆಯೋಗವೇ ಪ್ರಕಟಿಸುತ್ತದೆ. ಎಂಜಿನಿಯರಿಂಗ್, ವೈದ್ಯ, ನರ್ಸಿಂಗ್, ಫಾರ್ಮಸಿ, ಕಾನೂನು ಮುಂತಾದುವನ್ನು ದೂರಶಿಕ್ಷಣದಲ್ಲಿ ನಡೆಸಲು ಅನುಮತಿಯೇ ಇಲ್ಲ. ಅಂಥದನ್ನು ಮನೆಯಲ್ಲಿಯೇ ಕೊಡಿಸುತ್ತೇನೆಂದು ಬಂದವನನ್ನು ಬಾಗಿಲಿನಿಂದಲೇ ಕಳುಹಿಸಬೇಕು.

ಮನೆಬಾಗಿಲಿಗೆ ಬರುವವನು ಈಗ ಕಾಲ್ನಡಿಗೆಯಲ್ಲಿ ಬರುವುದಿಲ್ಲ, ಮೊಬೈಲಿನಲ್ಲಿ ಬರುತ್ತಾನೆ. “ಈಗ ಹಣವೇ ಬೇಡ, ತಿಂಗಳ ಕಂತು ಮಾಡಿಕೊಡುತ್ತೇವೆ” ಎನ್ನುತ್ತಾನೆ. ಕೋರ್ಸಿನ ಅರ್ಜಿಯೆಂದು ಸಹಿ ಹಾಕಿದ್ದು ಹಣಕಾಸು ಕಂಪನಿಯ ಸಾಲಪತ್ರವಾಗಿರುತ್ತದೆ. ಇಂಥ ಕಂಪನಿಗಳ ವಿಷಯದಲ್ಲಿ, ಅದರಲ್ಲಿಯೂ ಬ್ಯಾಂಕು ಖಾತೆಯಿಂದ ಹಣ ತಾನಾಗಿ ಕಡಿತವಾಗುವ ಏರ್ಪಾಡಿಗೆ ಒಪ್ಪಿಗೆ ಕೊಡುವ ವಿಷಯದಲ್ಲಿ, ಎಚ್ಚರದಿಂದಿರಬೇಕೆಂದು ಕೇಂದ್ರ ಶಿಕ್ಷಣ ಸಚಿವಾಲಯ 2021ರ ಡಿಸೆಂಬರಿನಲ್ಲಿಯೇ ಜನರಿಗೆ ತಿಳಿಸಿತು.

ಈ ಬೇನೆ ನಮ್ಮ ದೇಶದ್ದು ಮಾತ್ರವಲ್ಲ. ಅಮೆರಿಕದಲ್ಲಿ 1976ರಲ್ಲಿ ಫೀನಿಕ್ಸ್ ವಿಶ್ವವಿದ್ಯಾನಿಲಯವೆಂಬ ಸಂಸ್ಥೆ, ದುಡಿಯುವ ವಯಸ್ಕರಿಗಾಗಿಯೇ ಹುಟ್ಟಿತು. ಅದು ಲಾಭಕ್ಕಾಗಿ ನಡೆಯುವ ಸಂಸ್ಥೆ. ಒಂದು ಕಾಲಕ್ಕೆ ಅದರ ವಿದ್ಯಾರ್ಥಿಗಳ ಸಂಖ್ಯೆ ನಾಲ್ಕು ಲಕ್ಷವನ್ನು ದಾಟಿತ್ತು. ಅವರಲ್ಲಿ ಬಹಳ ಮಂದಿ ಸರ್ಕಾರದ ಸಾಲದಿಂದ ಓದಿದವರು. ದೊಡ್ಡ ದೊಡ್ಡ ಕಂಪನಿಗಳೊಡನೆ ಸೇರಿ ಉದ್ಯೋಗದ ಅವಕಾಶ ಕಲ್ಪಿಸುತ್ತೇವೆಂದು ಸಂಸ್ಥೆ ಜಾಹೀರಾತುಗಳಲ್ಲಿ ಭ್ರಮೆ ಹುಟ್ಟಿಸಿತೆಂದು ಅಲ್ಲಿನ ವ್ಯಾಪಾರ ಆಯೋಗ ಆಪಾದಿಸಿತು. 2019ರಲ್ಲಿ 19 ಕೋಟಿ 10 ಲಕ್ಷ ಡಾಲರುಗಳ ಒಪ್ಪಂದದಲ್ಲಿ ಆ ವ್ಯವಹಾರ ಮುಗಿಯಿತು. ಅದರಲ್ಲಿ ಹೆಚ್ಚಿನ ಪಾಲು, ವಿದ್ಯಾರ್ಥಿಗಳು ಸಂಸ್ಥೆಗೆ ಕೊಡಬೇಕಾಗಿದ್ದ ಬಾಕಿಯನ್ನು ಮನ್ನಾ ಮಾಡಿದ್ದು. ಇಂಗ್ಲೆಂಡಿನ ಕಥೆ ಬೇರೆ. ಅಲ್ಲಿ 2012ರಲ್ಲಿ ಸರ್ಕಾರ ವಿಶ್ವವಿದ್ಯಾನಿಲಯಗಳ ಅನುದಾನ ತಗ್ಗಿಸಿತು, ಶುಲ್ಕ ಏರಿತು. ಅರೆಕಾಲಿಕವಾಗಿ ಓದುವವರಿಗೂ ಸಾಲದ ಬಾಗಿಲು ತೆರೆಯಿತು. ಆ ಸಾಲ ಬಹಳ ಮೃದುವಾದದ್ದು. ಆದಾಯ ಒಂದು ಮಿತಿಯನ್ನು ದಾಟಿದರೆ, ದಾಟಿದ ಭಾಗದಲ್ಲಿ ನೂರಕ್ಕೆ 9ರಷ್ಟು ಕಟ್ಟಿದರೆ ಸಾಕು, ದಾಟದಿದ್ದರೆ ಕಟ್ಟಬೇಕಾಗಿಲ್ಲ. ಆದರೂ ಅರೆಕಾಲಿಕ ಪದವಿಗೆ ಸೇರುವವರ ಸಂಖ್ಯೆ ಕೆಲವೇ ವರ್ಷಗಳಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಯಿತು. ಮನೆಯ ಕಂತು, ಮಕ್ಕಳ ಖರ್ಚು ಇರುವವನು ಎಷ್ಟೇ ಮೃದುವಾದ ಸಾಲಕ್ಕೂ ಹೆದರುತ್ತಾನೆ. ಒಂದು ದೇಶದಲ್ಲಿ ಸಾಲವನ್ನು ಸುಲಭವೆಂದು ನಂಬಿ ಕೆಟ್ಟರು. ಇನ್ನೊಂದು ದೇಶದಲ್ಲಿ ಸಾಲಕ್ಕೆ ಹೆದರಿ ಓದನ್ನೇ ಬಿಟ್ಟರು.

ಹಾಗಾದರೆ ಸರ್ಕಾರದ ಹೊಣೆ ಏನೂ ಇಲ್ಲವೇ? ಇದೆ. ನಮ್ಮ ಮಾರಿಕಣಿವೆಯನ್ನು ನೆನೆಯಿರಿ. ಮೈಸೂರು ಸಂಸ್ಥಾನ 1898ರಿಂದ 1907ರವರೆಗೆ ವೇದಾವತಿಗೆ ಆ ಅಣೆಕಟ್ಟನ್ನು ಕಟ್ಟಿತು. 1930ರ ದಶಕದಲ್ಲಿ ಒಮ್ಮೆ ಕೋಡಿ ಬಿದ್ದ ಕೆರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ತುಂಬದ ವರ್ಷಗಳಲ್ಲಿಯೂ ಅದು ಹಿರಿಯೂರಿನ ಹೊಲಗಳಿಗೆ ನೀರು ಕೊಟ್ಟಿತು. ಅಷ್ಟು ನಿಧಾನವಾಗಿ ಫಲ ಕೊಡುವ ಕೆಲಸವನ್ನು ಯಾವ ಒಬ್ಬ ರೈತನೂ ಸಾಲ ಮಾಡಿ ಕಟ್ಟಲಾರ; ಸರ್ಕಾರವೇ ಕಟ್ಟಬೇಕು. ವಯಸ್ಕರ ವಿದ್ಯೆಯೂ ಅಂಥದು. ತಾಯಿ ಪದವೀಧರೆಯಾದರೆ ಅದರ ಫಲ ಆಕೆಯ ಸಂಬಳದಲ್ಲಿ ಕಾಣುವುದಕ್ಕಿಂತ ಹೆಚ್ಚಾಗಿ ಆಕೆಯ ಮಕ್ಕಳ ಓದಿನಲ್ಲಿ ಕಾಣುತ್ತದೆ. ಇದನ್ನು ಮೇಷ್ಟರಾದ ನಾವು ತರಗತಿಯಲ್ಲಿ ದಿನವೂ ನೋಡುತ್ತಿದ್ದೇವೆ. ಇಡೀ ಊರಿಗೆ ಬರುವ ಫಲಕ್ಕೆ ಆಕೆಯೊಬ್ಬಳ ಕೊರಳ ಸರ ಅಡವಾಗುವುದು ನ್ಯಾಯವಲ್ಲ. ಮುಕ್ತ ವಿಶ್ವವಿದ್ಯಾನಿಲಯಗಳ ಶುಲ್ಕ ತಗ್ಗಿನಲ್ಲಿಯೇ ಉಳಿಯಬೇಕು, ಪರೀಕ್ಷಾ ಕೇಂದ್ರಗಳು ತಾಲ್ಲೂಕಿಗೆ ಹತ್ತಿರ ಬರಬೇಕು, ಶುಲ್ಕವನ್ನು ಬಡ್ಡಿಯಿಲ್ಲದ ಕಂತುಗಳಲ್ಲಿ ಕಟ್ಟುವ ಅನುಕೂಲ ಇರಬೇಕು.

ಅದು ಆಗುವವರೆಗೆ ಓದಬೇಕೆನ್ನುವವರು ತಮಗೆ ತಾವೇ ಐದು ಪ್ರಶ್ನೆ ಕೇಳಿಕೊಳ್ಳಲಿ. ಒಂದು: ಈ ಕೋರ್ಸಿಗೆ ಈ ವರ್ಷ ಮಾನ್ಯತೆ ಇದೆಯೇ? ಎರಡು: ಈ ಪದವಿ ಯಾವ ಬೀಗವನ್ನು ತೆರೆಯುತ್ತದೆ, ಅಲ್ಲಿಯ ವಯೋಮಿತಿ ನನಗೆ ದಾಟಿಲ್ಲವಷ್ಟೇ? ಮೂರು: ಈಗಿನ ಸಂಪಾದನೆಗಿಂತ ಎಷ್ಟು ಹೆಚ್ಚಾಗುತ್ತದೆ, ಎಷ್ಟು ವರ್ಷ ಅದನ್ನು ಅನುಭವಿಸುತ್ತೇನೆ? ನಾಲ್ಕು: ಸಾಲವಿಲ್ಲದೆ, ತಿಂಗಳ ಉಳಿತಾಯದಿಂದಲೇ ನಡೆಸಬಹುದೇ? ಒಂದು ವರ್ಷ ಮೊದಲೇ ಚೀಟಿಗೋ ಅಂಚೆ ಕಚೇರಿಯ ಉಳಿತಾಯಕ್ಕೋ ಹಣ ಕಟ್ಟಿ, ಆಮೇಲೆ ಸೇರಿದರೆ ನಷ್ಟವೇನು? ಮುಕ್ತ ವಿಶ್ವವಿದ್ಯಾನಿಲಯ ನಿಗದಿತ ಅವಧಿಗಿಂತ ಹೆಚ್ಚು ಕಾಲ ತೆಗೆದುಕೊಳ್ಳಲೂ ಅವಕಾಶ ಕೊಡುತ್ತದೆ. ಹಣ ಒದಗದ ವರ್ಷ ಒಂದು ಹೆಜ್ಜೆ ನಿಂತು ನಡೆಯಬಹುದು. ಐದು: ಸಾಲ ಅನಿವಾರ್ಯವೇ ಆದರೆ, ಒಂದು ವರ್ಷಕ್ಕೆ ಬೇಕಾದಷ್ಟನ್ನೇ ಬ್ಯಾಂಕಿನ ದರದಲ್ಲಿ ತರುತ್ತಿದ್ದೇನೆಯೇ? ತಿಂಗಳ ಬಡ್ಡಿಯ ಕೈಸಾಲದಿಂದ ಮಾತ್ರ ಯಾವ ಪದವಿಯನ್ನೂ ಪಡೆಯಬೇಡಿ.

ಸಂಬಳಕ್ಕಾಗಿಯಲ್ಲ, ಓದುವ ಹಂಬಲಕ್ಕಾಗಿಯೇ ಓದುತ್ತೇನೆನ್ನುವವರೂ ಇದ್ದಾರೆ. ಅವರಿಗೆ ನನ್ನ ನಮಸ್ಕಾರ. ಸಂತೆಯ ಚೀಲ ಇಳಿಸಿ, ಒಲೆ ಆರಿಸಿ, ಮಕ್ಕಳನ್ನು ಮಲಗಿಸಿ, ರಾತ್ರಿ ಹತ್ತರ ಮೇಲೆ ಪುಸ್ತಕ ಬಿಡಿಸುವ ತಾಯಿಯ ಓದಿಗೆ ರೂಪಾಯಿಯಲ್ಲಿ ಬೆಲೆ ಕಟ್ಟುವ ಸಾಹಸ ನನಗೆ ಬೇಡ. ಆದರೆ ಅಂಥ ಓದು ಸಾಲದ ಹಂಗಿಲ್ಲದೆ ನಡೆದಾಗಲೇ ಸುಖವಾಗಿರುತ್ತದೆ. ಬಡ್ಡಿಯವನು ಬಾಗಿಲಲ್ಲಿ ನಿಂತಿರುವಾಗ ಪುಸ್ತಕದ ಅಕ್ಷರ ಕಣ್ಣಿಗೆ ಹತ್ತುವುದಿಲ್ಲ. ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಅರ್ಜಿ ಹಿಡಿದು ಕೂತವರಿದ್ದರೆ, ಬೇಡವೆನ್ನಬೇಡಿ. ಪಕ್ಕದಲ್ಲಿ ಕುಳಿತು, ಒಂದು ಹಾಳೆಯ ಮೇಲೆ ಲೆಕ್ಕ ಬರೆದು ಕೊಡಿ. ಆ ಬಳಿಕ ಧೈರ್ಯವಾಗಿ ಓದಲು ಹೇಳಿ.